ಕಾರ್ಖಾನೆಯ ದೂಳು ಅಳೆಯುವವರಿಗೂ ಒಂದು ಸ್ವತಂತ್ರ ವೃತ್ತಿ

ಮನೆಯ ಯಜಮಾನರು ಟಿ.ವಿ.ಯ ಸದ್ದನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತಿದ್ದರೆ, ವಯಸ್ಸಾಯಿತು ಎಂದುಕೊಂಡು ಮನೆಮಂದಿ ಸುಮ್ಮನಾಗುತ್ತಾರೆ. ಆದರೆ ಅವರು ದೊಡ್ಡಬಳ್ಳಾಪುರದಂಥ ಊರಿನ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರಾದರೆ ಕಾರಣ ಬೇರೆಯೇ ಇದ್ದೀತು. ಗ್ರಾನೈಟ್ ಕೊಯ್ಯುವವರ ಬಿಡದ ಕೆಮ್ಮಿನ ಕಥೆಯೂ ಅಷ್ಟೆ. ಸದ್ದಿನಿಂದ ಹೋದ ಕಿವಿ ಮರಳಿ ಬರುವುದಿಲ್ಲ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧಿಯೂ ಇಲ್ಲ. ಇವನ್ನು ತಡೆಯಬೇಕಷ್ಟೆ. ತಡೆಯುವುದಕ್ಕೆ ಮೊದಲು ಅಳೆಯಬೇಕು.

ಹೀಗೆ ಅಳೆಯುವವರೇ ಇಂಡಸ್ಟ್ರಿಯಲ್ ಹೈಜೀನಿಸ್ಟರು. ಇವರು ಸಾಮಾನ್ಯವಾಗಿ ವೈದ್ಯರಲ್ಲ. ರಸಾಯನಶಾಸ್ತ್ರ ಅಥವಾ ಎಂಜಿನಿಯರಿಂಗ್ ಓದಿದವರು. ದೊಡ್ಡ ಕಂಪನಿಗಳು ಇಂಥವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ. ಮೂವತ್ತು ಜನರಿರುವ ಕಾರ್ಖಾನೆಗೆ ಅದು ಸಾಧ್ಯವಿಲ್ಲದ ಮಾತು. ಸ್ವತಂತ್ರ ಸಲಹೆಗಾರರಿಗೆ ಕೆಲಸವಿರುವುದು ಅಲ್ಲಿಯೇ.

ರೋಗಿಯ ಕಸುಬು ಯಾವುದೆಂದು ವೈದ್ಯರು ಕೇಳಬೇಕು ಎಂದು ಇಟಲಿಯ ರಾಮಾಝಿನಿ 1700ರಲ್ಲಿಯೇ ಬರೆದಿದ್ದ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದೆಂಬ ಪಟ್ಟಿ ಕಾಯ್ದೆಯೊಳಗೇ ಸೇರಿತು.

ಕೆಲಸ ಹೇಗೆ?

ಕಾರ್ಮಿಕನ ಸೊಂಟಕ್ಕೆ ಒಂದು ಪುಟ್ಟ ಪಂಪು ಕಟ್ಟುತ್ತಾರೆ. ಅದರ ಕೊಳವೆಯ ತುದಿ, ಒಳಗೊಂದು ಫಿಲ್ಟರ್ ಸಮೇತ, ಅವನ ಅಂಗಿಯ ಕಾಲರಿನ ಬಳಿ, ಮೂಗಿನಿಂದ ಒಂದು ಅಡಿಯೊಳಗೆ ಇರಬೇಕು. ಕೋಣೆಯ ಮೂಲೆಯಲ್ಲಿ ಯಂತ್ರವಿಟ್ಟು ಅಳೆದರೆ ಅದು ಮೂಲೆಯ ಲೆಕ್ಕ, ಮನುಷ್ಯನದಲ್ಲ. ಪಾಳಿ ಮುಗಿದ ಮೇಲೆ ಫಿಲ್ಟರನ್ನು ತೂಗಿ, ಅದರಲ್ಲಿ ಸಿಲಿಕಾ ಎಷ್ಟಿದೆಯೆಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಶ್ವಾಸಕೋಶದ ಆಳಕ್ಕಿಳಿಯುವ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಆದ್ದರಿಂದ ‘ಇಲ್ಲೇನೂ ದೂಳೇ ಇಲ್ಲವಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ.

ಸದ್ದಿನ ಲೆಕ್ಕವೂ ಸ್ವಾರಸ್ಯದ್ದೇ. ದಿನಕ್ಕೆ ಎಂಟು ಗಂಟೆಗೆ 90 ಡೆಸಿಬೆಲ್ ಎಂಬುದು ನಮ್ಮ ಕಾರ್ಖಾನೆ ನಿಯಮಗಳ ಮಿತಿಯಾಗಿ ಬಂದಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ 85 ಸಾಕೆನ್ನುತ್ತದೆ. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುವುದರಿಂದ, ನಿಯೋಶ್ ಲೆಕ್ಕದಲ್ಲಿ 88 ಡೆಸಿಬೆಲ್ಲಿಗೆ ನಾಲ್ಕೇ ಗಂಟೆ, 91ಕ್ಕೆ ಎರಡೇ ಗಂಟೆ.

ನೌಕರಿ ಬಿಡುವ ಮುನ್ನ

ಪದವಿ ಮುಗಿದೊಡನೆ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸುವುದು ಬೇಡ. ಐದಾರು ವರ್ಷ ಕಾರ್ಖಾನೆಯಲ್ಲೋ ಪ್ರಯೋಗಾಲಯದಲ್ಲೋ ಪಳಗಿದವರ ಮಾತನ್ನಷ್ಟೇ ಫೋರ್‌ಮನ್‌ಗಳು ಕೇಳುವುದು. ಮುಂಬೈನ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಇದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಈ ಕ್ಷೇತ್ರದ ಮುಖ್ಯ ಸಂಶೋಧನಾ ಕೇಂದ್ರ. ಎಲ್ಲ ಉದ್ಯಮಕ್ಕೂ ಕೈಹಾಕುವುದಕ್ಕಿಂತ ಗ್ರಾನೈಟ್, ಫೌಂಡ್ರಿ, ಔಷಧಿ ತಯಾರಿಕೆ - ಯಾವುದಾದರೊಂದನ್ನು ಹಿಡಿಯುವುದು ಜಾಣತನ. ಉಪಕರಣಗಳನ್ನು ಮೊದಮೊದಲು ಬಾಡಿಗೆಗೆ ತಂದರೂ ನಡೆದೀತು. ಆದರೆ ಅವುಗಳ ಕ್ಯಾಲಿಬ್ರೇಶನ್ ಪತ್ರವಿಲ್ಲದೆ ಗೇಟು ದಾಟಬಾರದು.

ನಿಜವಾದ ಕಷ್ಟ ಬೇರೆಯೇ ಇದೆ. ಹಣ ಕೊಡುವವರು ಮಾಲೀಕರು, ಕಾಪಾಡಬೇಕಾದದ್ದು ಕಾರ್ಮಿಕರ ಕಿವಿ, ಶ್ವಾಸಕೋಶಗಳನ್ನು. ಅಳೆಯುವ ದಿನ ಅರ್ಧ ಯಂತ್ರ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ ಸ್ವಾಗತಿಸುವವರಿದ್ದಾರೆ. ‘ಅಂಕಿ ಸ್ವಲ್ಪ ಇಳಿಸಿ ಸಾರ್, ಮುಂದಿನ ವರ್ಷವೂ ನಿಮಗೇ ಕೆಲಸ’ ಎನ್ನುವವರೂ ಇದ್ದಾರೆ. ಇದ್ದ ಒಬ್ಬನೇ ಗಿರಾಕಿ ಹೀಗೆಂದರೆ ಮನೆ ಬಾಡಿಗೆ ಕಟ್ಟಬೇಕಾದ ಮನುಷ್ಯ ಏನು ಮಾಡಿಯಾನು? ಮೇಲಧಿಕಾರಿ ಇಲ್ಲದ ಮಾತ್ರಕ್ಕೆ ಯಾರೂ ಸ್ವತಂತ್ರರಲ್ಲ. ಒಬ್ಬ ಗಿರಾಕಿಯನ್ನು ಕಳೆದುಕೊಂಡರೂ ಒಲೆ ಉರಿಯುವಂತಿರಬೇಕು. ಆದುದರಿಂದ ಆರು ತಿಂಗಳ ಮನೆಖರ್ಚು ಕೂಡಿಡದೆ, ನಾಲ್ಕಾರು ಗಿರಾಕಿಗಳ ಭರವಸೆಯಿಲ್ಲದೆ ರಾಜೀನಾಮೆ ಕೊಡಬಾರದು. ಎಲ್ಲ ಯಂತ್ರಗಳೂ ಓಡುವ ದಿನವೇ ಅಳತೆ, ರಾತ್ರಿ ಪಾಳಿಯೂ ಸೇರಿ. ಫಲಿತಾಂಶ ಕಾರ್ಮಿಕರಿಗೂ ತಿಳಿಯತಕ್ಕದ್ದು - ಇವೆರಡನ್ನೂ ಕರಾರಿನಲ್ಲಿಯೇ ಬರೆಸಿಕೊಂಡರೆ ಆಮೇಲಿನ ಚೌಕಾಸಿ ತಪ್ಪುತ್ತದೆ.

ಎಲ್ಲ ಮಾಲೀಕರೂ ಹಾಗಲ್ಲ ಎಂಬುದನ್ನೂ ಹೇಳಬೇಕು. ಕಲ್ಲು ಕೊಯ್ಯುವ ಗರಗಸಕ್ಕೆ ನೀರು ಹಾಯಿಸಿದರೆ ದೂಳು ಬಹಳಷ್ಟು ತಗ್ಗುತ್ತದೆಂದು ತೋರಿಸಿಕೊಟ್ಟರೆ ಸಂತೋಷದಿಂದ ಪೈಪು ಹಾಕಿಸುವವರು ಎಷ್ಟೋ ಜನ. ಬರಿಯ ಅಂಕಿ ಕೊಟ್ಟು ಹೋಗುವವನಿಗಿಂತ ಇಂಥ ಅಗ್ಗದ ಪರಿಹಾರ ಹೇಳುವವನನ್ನೇ ಅವರು ಮತ್ತೆ ಕರೆಯುತ್ತಾರೆ.

ಶುಲ್ಕ ತಡವಾಗುವುದು ಈ ವೃತ್ತಿಯ ನಿತ್ಯದ ಗೋಳು. ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನೋಂದಣಿ ಉಚಿತ.

ಇನ್ನು ಸಲಹೆಗಾರರ ಆರೋಗ್ಯ. ನೌಕರಿಯೊಂದಿಗೆ ಕಂಪನಿಯ ವಿಮೆಯೂ ಸಾಮಾನ್ಯವಾಗಿ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆದುದರಿಂದ ನೌಕರಿಯಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿಕೊಳ್ಳಿ. ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚಿನ 14 ಗಂಟೆ ಗದ್ದಲದಿಂದ ದೂರವಿರಿ. ಮೂಗಿಗೆ ಕಟ್ಟಿದ ಕರ್ಚೀಫು ಸಿಲಿಕಾವನ್ನು ತಡೆಯದು, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಅದೂ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ದೂಳು ನುಸುಳುತ್ತದೆ. ಕಾರ್ಖಾನೆಗೆ ಹೋಗುವ ದಿನ ಬೆಳಿಗ್ಗೆ ನುಣ್ಣಗೆ ಕ್ಷೌರ ಮಾಡಿಕೊಂಡೇ ಹೊರಡಬೇಕು.