ಗೆಡ್ಡೆಯ ಅಂಚು ಗುರುತಿಸುವ ವಿದ್ಯೆ

ಪ್ರಶ್ನೆ: ಸ್ಕ್ಯಾನ್ ಓದಲು ರೇಡಿಯಾಲಜಿಸ್ಟ್ ಇದ್ದಾರಲ್ಲ, ವಿಕಿರಣ ಚಿಕಿತ್ಸೆ ಕೊಡುವ ಕ್ಯಾನ್ಸರ್ ತಜ್ಞರೂ ಅದನ್ನು ಕಲಿಯಬೇಕೇ?

ಉತ್ತರ: ಕಲಿಯಲೇಬೇಕು. ಗೆಡ್ಡೆ ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ರೇಡಿಯಾಲಜಿಸ್ಟ್ ವರದಿ ಬರೆಯುತ್ತಾರೆ. ವಿಕಿರಣ ತಜ್ಞರು ಸಿ.ಟಿ. ಚಿತ್ರದ ಒಂದೊಂದು ಪದರದ ಮೇಲೂ ಅದರ ಅಂಚನ್ನು ಗೆರೆ ಎಳೆದು ತೋರಿಸಬೇಕು. ಚಿಕಿತ್ಸೆಯ ಲೆಕ್ಕಾಚಾರವೆಲ್ಲ ಆ ಗೆರೆಯನ್ನೇ ನಂಬಿ ನಡೆಯುತ್ತದೆ. ಗೆರೆ ಒಳಸರಿದರೆ ಕ್ಯಾನ್ಸರ್ ಕೋಶ ಉಳಿದೀತು. ಹೊರಸರಿದರೆ ಪಕ್ಕದ ಆರೋಗ್ಯವಂತ ಅಂಗಕ್ಕೆ ಪೆಟ್ಟು.

ಅದೂ ಒಂದೇ ಗೆರೆಯಲ್ಲ. ಸ್ಕ್ಯಾನಿನಲ್ಲಿ ಕಾಣುವ ಗೆಡ್ಡೆಯ ಗೆರೆಗೆ ಜಿಟಿವಿ ಎಂದು ಹೆಸರು. ಕಣ್ಣಿಗೆ ಕಾಣದೆ ಹರಡಿರಬಹುದಾದ ಕೋಶಗಳನ್ನೂ ಸೇರಿಸಿದರೆ ಸಿಟಿವಿ. ಅಂಗಗಳ ಚಲನೆಗೆ, ಮಲಗುವ ಭಂಗಿಯ ಸಣ್ಣ ವ್ಯತ್ಯಾಸಕ್ಕೆ ಎಂದು ಅದರ ಸುತ್ತ ಇನ್ನಷ್ಟು ಜಾಗ ಸೇರಿಸಿದರೆ ಪಿಟಿವಿ.

ಇಲ್ಲಿ ಅನುಭವಿಗಳ ಗೆರೆಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಪ್ರಾಸ್ಟೇಟ್ ಗ್ರಂಥಿ ಎಂ.ಆರ್.ಐ.ಗಿಂತ ಸಿ.ಟಿ.ಯಲ್ಲಿ ದೊಡ್ಡದಾಗಿ ಕಾಣುತ್ತದೆ. ಶ್ವಾಸಕೋಶದಲ್ಲಿ ಗೆಡ್ಡೆ ಯಾವುದು, ಗಾಳಿಯಿಲ್ಲದೆ ಕುಸಿದ ಭಾಗ ಯಾವುದು ಎಂದು ಸಿ.ಟಿ.ಯೊಂದರಿಂದ ಹೇಳುವುದು ಕಷ್ಟ; ಆಗ ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಯಾವ ಚಿತ್ರವನ್ನು ಎಲ್ಲಿ ನಂಬಬೇಕು ಎಂಬ ವಿವೇಕವೇ ತರಬೇತಿಯ ತಿರುಳು.

ಯುರೋಪಿನ ವಿಕಿರಣ ತಜ್ಞರ ಸಂಘ ಎಸ್ಟ್ರೋ ‘ಫಾಲ್ಕನ್’ ಹೆಸರಿನಲ್ಲಿ ನಡೆಸುವ ಕಾರ್ಯಾಗಾರಗಳ ಕ್ರಮ ನನಗೆ ಬಹಳ ಮೆಚ್ಚುಗೆ. ಎಲ್ಲರೂ ಒಂದೇ ರೋಗಿಯ ಚಿತ್ರದ ಮೇಲೆ ಗೆರೆ ಎಳೆಯುತ್ತಾರೆ, ಪರಿಣತರ ಗೆರೆಯೊಂದಿಗೆ ಹೋಲಿಸಿ ಚರ್ಚಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಪಾಠ ಕೇಳಿದರಷ್ಟೇ ಈ ವಿದ್ಯೆ ಬರದು, ಕೈ ಪಳಗಬೇಕು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಗೆರೆ ಎಳೆಯುತ್ತವೆ, ಆದರೆ ಅವುಗಳನ್ನು ತಿದ್ದಿ ಒಪ್ಪಿಗೆ ಕೊಡಬೇಕಾದವರು ವೈದ್ಯರೇ.