ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್: ಕೊಳ್ಳುವ ಮುನ್ನ

ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಲೆಕ್ಕಪತ್ರ, ಕೆಲಸಗಾರರ ಹಾಜರಿ, ಜಿ.ಎಸ್.ಟಿ. ವಿವರ ಇವಕ್ಕೆಲ್ಲ ಎಂಟು-ಹತ್ತು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ಬಳಸುತ್ತಿದ್ದಾರೆ. ಅದು ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ಪ್ರೊಸೆಸರ್ ಬದಲಾಯಿಸಿರೆಂಬ ಸಲಹೆ ಸಿಗುವುದುಂಟು. ಈ ಸಲಹೆ ಕೆಲವು ಯಂತ್ರಗಳಿಗೆ ಒಳ್ಳೆಯದೇ. ಹಲವಕ್ಕೆ ದಂಡದ ಖರ್ಚು. ನಿಮ್ಮದು ಯಾವ ಬಗೆಯದೆಂದು ಮನೆಯಲ್ಲೇ ತಿಳಿದುಕೊಳ್ಳಬಹುದು.

ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಅಂಕಣ ಶೇಕಡಾ 100 ಮುಟ್ಟಿ, ಸಿ.ಪಿ.ಯು. ಅಂಕಣ 20-30ರಲ್ಲೇ ಇದ್ದರೆ ತೊಂದರೆ ಪ್ರೊಸೆಸರಿನದಲ್ಲ, ಹಳೆಯ ಹಾರ್ಡ್ ಡಿಸ್ಕಿನದು. ಅದನ್ನು ತೆಗೆಸಿ ಎಸ್.ಎಸ್.ಡಿ. ಹಾಕಿಸಿ, 4 ಜಿ.ಬಿ. ಮೆಮೊರಿ ಇದ್ದರೆ 8ಕ್ಕೆ ಏರಿಸಿ. ಲೆಕ್ಕದ ಕೆಲಸಕ್ಕೆ ಬಹುಪಾಲು ಇಷ್ಟೇ ಸಾಕು. ಬೇರುಹುಳು ಬಿದ್ದ ಅಡಿಕೆ ಮರದ ಗೊನೆಗೆ ಬೋರ್ಡೋ ಹೊಡೆದು ಫಲವೇನು? ಸಿ.ಪಿ.ಯು. ಅಂಕಣವೇ ಪದೇ ಪದೇ 90 ದಾಟುತ್ತಿದ್ದರೆ ಮಾತ್ರ ಮುಂದಿನದನ್ನು ಓದಿರಿ.

ಯಾವ ಪ್ರೊಸೆಸರ್ ಕೂರುತ್ತದೆಂಬುದನ್ನು ನಿರ್ಧರಿಸುವುದು ಮದರ್‌ಬೋರ್ಡ್. ಅದರ ಹೆಸರು 'ಸಿಸ್ಟಂ ಇನ್‌ಫರ್ಮೇಷನ್' ಪುಟದಲ್ಲಿ 'ಬೇಸ್‌ಬೋರ್ಡ್ ಪ್ರಾಡಕ್ಟ್' ಎಂಬಲ್ಲಿ ಸಿಗುತ್ತದೆ. ಸಾಕೆಟ್ ಸಂಖ್ಯೆಯೊಂದನ್ನೇ ನಂಬಿ ಕೊಂಡವರು ಇಲ್ಲಿಯೇ ಮೋಸ ಹೋಗುವುದು. ಇಂಟೆಲ್‌ನ 6 ಮತ್ತು 7ನೇ ಪೀಳಿಗೆಯ ಸಾಕೆಟ್ 1151. 2017ರಲ್ಲಿ ಬಂದ 8ನೇ ಪೀಳಿಗೆಯದೂ 1151. ಆದರೂ ಎಚ್110 ಬೋರ್ಡಿನಲ್ಲಿ ಐ3-6100 ಇಟ್ಟುಕೊಂಡವರು ಐ3-8100 ತಂದರೆ ಅದು ಕೆಲಸ ಮಾಡದು; ಅದಕ್ಕೆ 300 ಶ್ರೇಣಿಯ ಬೋರ್ಡ್ ಬೇಕು. ಎಚ್110ರವರಿಗೆ 7ನೇ ಪೀಳಿಗೆಯ ಐ5-7500 ಅಥವಾ ಐ7-7700ವರೆಗೆ ಮಾತ್ರ ದಾರಿ. ಎರಡು ಕೋರ್ ಇದ್ದಲ್ಲಿ ನಾಲ್ಕಾಗುತ್ತದೆ, ವೇಗ ನಿಜಕ್ಕೂ ಹೆಚ್ಚುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಮಾನ್ಯ ಪಟ್ಟಿಯಲ್ಲಿ ಈ ಎರಡು ಪ್ರೊಸೆಸರುಗಳೂ ಇಲ್ಲ. ಬ್ಯಾಂಕ್ ವ್ಯವಹಾರವನ್ನೂ ಇದೇ ಯಂತ್ರದಲ್ಲಿ ಮಾಡುವವರು ಸೆಕೆಂಡ್ ಹ್ಯಾಂಡ್ ಐ7ಕ್ಕೆ ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ತರವಲ್ಲ. ಆ ಹಣವನ್ನು ಹೊಸ ಯಂತ್ರಕ್ಕೆ ಉಳಿಸಿಕೊಳ್ಳಲಿ.

ಎ.ಎಂ.ಡಿ.ಯ ಎ.ಎಂ.4 ಬೋರ್ಡ್ ಉಳ್ಳವರ ಪರಿಸ್ಥಿತಿ ಎಷ್ಟೋ ಉತ್ತಮ. ಬಿ450 ಬೋರ್ಡಿನಲ್ಲಿ ರೈಜನ್ 3 2200ಜಿ ಇದ್ದವರು ಅದೇ ಜಾಗದಲ್ಲಿ 2021ರ ರೈಜನ್ 5 5600ಜಿ ಕೂರಿಸಬಹುದು. ನಾಲ್ಕು ಕೋರ್‌ಗಳು ಆರಾಗುತ್ತವೆ. ಎರಡಕ್ಕೂ 65 ವ್ಯಾಟ್ ಎಂದೇ ನಮೂದಿಸಿರುವುದರಿಂದ ಪವರ್ ಸಪ್ಲೈ ಸಾಮಾನ್ಯವಾಗಿ ಬದಲಿಸಬೇಕಾಗಿಲ್ಲ. 2200ಜಿಗೆ ಸಿಗದ ವಿಂಡೋಸ್ 11 ಮಾನ್ಯತೆ ಇದಕ್ಕುಂಟು. ಬಯೋಸ್‌ನಲ್ಲಿ ಟಿ.ಪಿ.ಎಂ. ಚಾಲೂ ಮಾಡಿಸಬೇಕು, ಅಷ್ಟೆ. ಕೊನೆಯ 'ಜಿ' ಅಕ್ಷರವನ್ನು ಮಾತ್ರ ಮರೆಯದಿರಿ. ಬರಿಯ 5600ರಲ್ಲಿ ಚಿತ್ರ ಮೂಡಿಸುವ ಭಾಗವಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇಂಟೆಲ್‌ನಲ್ಲಿ 'ಎಫ್' ಎಂದು ಕೊನೆಗೊಳ್ಳುವವುಗಳದೂ ಇದೇ ಕಥೆ.

ಹೊಸದನ್ನು ಕೂರಿಸುವ ಮೊದಲು, ಹಳೆಯ ಪ್ರೊಸೆಸರ್ ಇರುವಾಗಲೇ, ಬೋರ್ಡ್ ತಯಾರಕರ ಪಟ್ಟಿ ನೋಡಿ ಬಯೋಸ್ ನವೀಕರಿಸತಕ್ಕದ್ದು. ಈ ಕೆಲಸದ ನಡುವೆ ಕರೆಂಟು ಹೋದರೆ ಬೋರ್ಡೇ ಕೆಡುವ ಸಂಭವವುಂಟು. ಮಳೆಗಾಲದಲ್ಲಿ ನಮ್ಮ ಕಡೆಯ ವಿದ್ಯುತ್ತಿನ ಪಾಡು ಗೊತ್ತೇ ಇದೆ; ಯು.ಪಿ.ಎಸ್. ಇಲ್ಲದೆ ಕೈ ಹಾಕಬೇಡಿ. ಕೂರಿಸುವಾಗ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸಿ, ಫ್ಯಾನಿನ ಧೂಳು ತೆಗೆಸಿ. ಲೆಕ್ಕದ ಕಡತಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯಲ್ಲೇ ಇರಲಿ. ತೆಗೆದ ಹಳೆಯ ಪ್ರೊಸೆಸರನ್ನು ಅಂಗಡಿಯವರಿಂದ ಕೇಳಿ ಪಡೆಯಿರಿ, ಅದು ನಿಮ್ಮದೇ ಸ್ವತ್ತು.