ಕೋಣ ಬಂತು, ಫೋಕಸ್ ಎಲ್ಲೋಯ್ತು?

ಕಂಬಳದ ಫೋಟೋ ತೆಗೆಯೋಕೆ ಹೊರಟವರೆಲ್ಲ ಮೊದಲು ಕೇಳೋದು ಶಟರ್ ಸ್ಪೀಡ್ ಎಷ್ಟಿಡಬೇಕು ಅಂತ. ಅದು ಸುಲಭದ ಪ್ರಶ್ನೆ. ಬಿಸಿಲಿದ್ದರೆ 1/1000 ಇಡಿ, ಅಷ್ಟರಲ್ಲಿ ಕೋಣ ಮುಂದೆ ಬರೋದು ಬರೀ ಒಂದು ಸೆಂಟಿಮೀಟರ್. ಆದರೂ ಫೋಟೋದಲ್ಲಿ ಹಿಂದಿನ ಜನ, ತೆಂಗಿನಮರ, ಬ್ಯಾನರ್ ಎಲ್ಲಾ ಚೆನ್ನಾಗಿ ಕಾಣುತ್ತೆ, ಕೋಣ ಮಾತ್ರ ಮಬ್ಬು. ಇಲ್ಲಿ ಕೈಕೊಟ್ಟಿದ್ದು ಶಟರ್ ಅಲ್ಲ, ಫೋಕಸ್.

ಸ್ವಲ್ಪ ಲೆಕ್ಕ ಮಾಡೋಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ನಿಮಗೆ ನೆನಪಿರಬಹುದು. ಅಂದರೆ ಸೆಕೆಂಡಿಗೆ ಸುಮಾರು 10.5 ಮೀಟರ್. (ಬೋಲ್ಟ್ ಜೊತೆ ಹೋಲಿಸೋದು ನನಗೆ ಇಷ್ಟವಿಲ್ಲ. ಬೋಲ್ಟ್ ಕಾಲಡಿ ಕೆಸರೂ ಇರಲಿಲ್ಲ, ಮುಂದೆ ಎಳೆಯೋಕೆ ಕೋಣಗಳೂ ಇರಲಿಲ್ಲ.) ನೀವು ಓಟ ಮುಗಿಯುವ ಮಂಜೊಟ್ಟಿ ಕಡೆ, ಬೇಲಿಯ ಹೊರಗೆ, ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಹಿಡಿದು ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಲೆನ್ಸ್ 200 ಎಂಎಂ, ಅಪರ್ಚರ್ ಎಫ್ 5.6, ಕೋಣ 20 ಮೀಟರ್ ದೂರದಲ್ಲಿ. ಆಗ ಸ್ಪಷ್ಟವಾಗಿ ಕಾಣುವ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ಹಿಂದೆ ಮುಂದೆ ಸೇರಿ ಸುಮಾರು 2 ಮೀಟರ್. ಬಟನ್ ಒತ್ತಿದ ಮೇಲೆ ಕನ್ನಡಿ ಎದ್ದು ಶಟರ್ ತೆರೆಯೋಕೆ ಸಾಧಾರಣ ಡಿಎಸ್ಎಲ್ಆರ್‌ಗೆ ಸುಮಾರು 0.1 ಸೆಕೆಂಡ್ ಬೇಕು. ಅಷ್ಟರಲ್ಲಿ ಕೋಣ ಒಂದು ಮೀಟರ್ ಮುಂದೆ ಬಂದಿರುತ್ತೆ. ನೀವು ಫೋಕಸ್ ಮಾಡಿದ ಜಾಗದಲ್ಲಿ ಈಗ ಹೆಗಲು ಇದೆ.

ಹಾಗಾಗಿ ಕ್ಯಾಮೆರಾ ಕೋಣ ಎಲ್ಲಿದೆ ಅಂತ ನೋಡಿದರೆ ಸಾಲದು, ಎಲ್ಲಿರುತ್ತೆ ಅಂತ ಊಹಿಸಬೇಕು. ಇದಕ್ಕೆ ನೆರವಾಗೋದು ಫೇಸ್ ಡಿಟೆಕ್ಷನ್. ಲೆನ್ಸಿನ ಒಂದು ಬದಿಯಿಂದ ಬಂದ ಬೆಳಕನ್ನೂ ಇನ್ನೊಂದು ಬದಿಯಿಂದ ಬಂದ ಬೆಳಕನ್ನೂ ಬೇರೆ ಬೇರೆಯಾಗಿ ಹಿಡಿದು ಹೋಲಿಸುತ್ತೆ. ಎರಡೂ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂತರೆ ಫೋಕಸ್ ಸರಿ. ಕೂರದಿದ್ದರೆ ಯಾವ ಕಡೆಗೆ, ಎಷ್ಟು ಸರಿದಿದೆ ಅನ್ನೋದರಿಂದ ಲೆನ್ಸನ್ನು ಎತ್ತ, ಎಷ್ಟು ತಿರುಗಿಸಬೇಕು ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ. ಹಳೇ ಕಾಂಪ್ಯಾಕ್ಟ್ ಕ್ಯಾಮೆರಾಗಳ ಕಾಂಟ್ರಾಸ್ಟ್ ಡಿಟೆಕ್ಷನ್‌ಗೆ ದಿಕ್ಕು ಗೊತ್ತಿಲ್ಲ, ಕತ್ತಲಲ್ಲಿ ಸ್ವಿಚ್ ಹುಡುಕಿದ ಹಾಗೆ ಹಿಂದೆ ಮುಂದೆ ತಡಕಾಡುತ್ತೆ.

ಕಂಟಿನ್ಯುಯಸ್ ಮೋಡ್‌ನಲ್ಲಿ (ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ) ಕ್ಯಾಮೆರಾ ಈ ಅಳತೆಯನ್ನು ಮತ್ತೆ ಮತ್ತೆ ತೆಗೆದು, ಅದರಿಂದ ವೇಗ ಕಂಡುಹಿಡಿದು, ಶಟರ್ ತೆರೆಯುವ ಹೊತ್ತಿಗೆ ಕೋಣ ಇರುವ ಜಾಗಕ್ಕೆ ಲೆನ್ಸನ್ನು ಮುಂಚೆಯೇ ಕಳಿಸುತ್ತೆ. ನಾವು ಗ್ರಾಫಿನಲ್ಲಿ ಮಾಡುವ ಎಕ್ಸ್‌ಟ್ರಾಪೊಲೇಶನ್ನೇ ಇದು. ಹಳೆಯ ರೀಡಿಂಗ್ ಇಲ್ಲದೆ ಎಕ್ಸ್‌ಟ್ರಾಪೊಲೇಶನ್ ಮಾಡೋಕಾಗಲ್ಲ ತಾನೆ? ಅದಕ್ಕೇ ಕೋಣ 50 ಮೀಟರ್ ದೂರದಲ್ಲಿರುವಾಗಲೇ ಬಟನ್ ಅರ್ಧ ಒತ್ತಿ ಹಿಡಿದು ಹಿಂಬಾಲಿಸಬೇಕು. ಹತ್ತಿರ ಬಂದ ಮೇಲೆ ಟಕ್ ಅಂತ ಒತ್ತಿದರೆ ಊಹಿಸೋಕೆ ಅದರ ಹತ್ತಿರ ಏನೂ ಇರಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳಲ್ಲ. ಲೆನ್ಸ್ ಸೂತ್ರವನ್ನು ಡಿಫರೆನ್ಶಿಯೇಟ್ ಮಾಡಿ ನೋಡಿ. ಕೋಣದ ವೇಗ ಒಂದೇ ಇದ್ದರೂ, ಬಿಂಬ ಸರಿಯುವ ವೇಗ ದೂರದ ವರ್ಗಕ್ಕೆ ವಿಲೋಮ. 40 ಮೀಟರಿನಲ್ಲಿ ಸೆಕೆಂಡಿಗೆ ಕಾಲು ಮಿಲಿಮೀಟರ್, 20ರಲ್ಲಿ ಒಂದು, 10ರಲ್ಲಿ ನಾಲ್ಕಕ್ಕೂ ಹೆಚ್ಚು. ಎಲ್ಲರೂ ಕಾಯೋದು ಆ ಕೊನೇ 10 ಮೀಟರಿಗೆ. ಕಿಟ್ ಲೆನ್ಸಿನ ಮೋಟಾರ್ ಸೋಲೋದೂ ಅಲ್ಲೇ. 20–25 ಮೀಟರಿನಲ್ಲೇ ತೆಗೆದು ಆಮೇಲೆ ಕ್ರಾಪ್ ಮಾಡಿಕೊಳ್ಳೋದು ವಾಸಿ.

ಇನ್ನು ಫೋಕಸ್ ಯಾರ ಮೇಲೆ? ಆಟೋ ಏರಿಯಾದಲ್ಲಿ ಬಿಟ್ಟರೆ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ್ದನ್ನು ಹಿಡಿಯುತ್ತೆ, ಅಂದರೆ ಕೊಂಬು, ಇಲ್ಲವೇ ಹಾರಿದ ಕೆಸರು. ಓಟಗಾರ ಇರೋದು ಒಂದು ಕೋಣದುದ್ದ ಹಿಂದೆ, ಎರಡೂವರೆ ಮೂರು ಮೀಟರ್. ಎಫ್ 5.6ರ ಎರಡು ಮೀಟರಿನಲ್ಲಿ ಕೊಂಬು, ಮುಖ ಎರಡೂ ಹಿಡಿಸಲ್ಲ. ನೀವೇ ಆರಿಸಬೇಕು. ನಾನಂತೂ ಮುಖ ಅಂತೀನಿ. ಕೋಣದ ಫೋಟೋ ನಾಳೆ ಗದ್ದೆಯಲ್ಲೂ ಸಿಗುತ್ತೆ, ಆ ಹಲ್ಲು ಕಚ್ಚಿದ ಮುಖ 13 ಸೆಕೆಂಡ್ ಮಾತ್ರ. ಸಿಂಗಲ್ ಪಾಯಿಂಟ್ ಆರಿಸಿ, ಎರಡು ಕೋಣಗಳ ನಡುವೆ ಕಾಣುವ ಓಟಗಾರನ ಮೇಲೆ ಇಡಿ. ಕ್ಯಾನನ್ 1500ಡಿ ಥರದ ಕ್ಯಾಮೆರಾದಲ್ಲಿ 9 ಪಾಯಿಂಟ್ ಇದ್ದರೂ ಕ್ರಾಸ್ ಟೈಪ್ ಇರೋದು ನಡುವಿನದು ಒಂದೇ, ಅದನ್ನೇ ನಂಬಿ. ಹೊಸ ಮಿರರ್‌ಲೆಸ್‌ಗಳು ಪ್ರಾಣಿಗಳನ್ನು ತಾವೇ ಗುರುತಿಸುತ್ತವೆ. ಮೆನುವಿನಲ್ಲಿ ನಾಯಿ, ಬೆಕ್ಕು, ಹಕ್ಕಿ ಇರುತ್ತೆ, ಕೋಣದ ಐಕಾನ್ ನಾನಂತೂ ನೋಡಿಲ್ಲ.

ಕನೆಹಲಗೆಗೆ ಮಾತ್ರ ಆಟೋಫೋಕಸ್ಸೇ ಬೇಡ. ಅಲ್ಲಿ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ ಹಾರಬೇಕು, ನಿಶಾನೆ ಎಲ್ಲಿಗೂ ಓಡಲ್ಲ. ಮೊದಲೇ ಅದರ ನೇರಕ್ಕೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ತಿರುಗಿಸಿ ಕಾಯಿರಿ.

ಕಷ್ಟ ಇರೋದು ರಾತ್ರಿ ಓಟಗಳಲ್ಲಿ. ಫ್ಲಡ್‌ಲೈಟಿನಲ್ಲಿ ಎಫ್ 8 ಇಟ್ಟು ಮೂರು ಮೀಟರ್ ಆಳ ಗಿಟ್ಟಿಸೋಣ ಅಂದರೆ ಐಎಸ್ಓ ಸಿಕ್ಕಾಪಟ್ಟೆ ಏರುತ್ತೆ. ಕಪ್ಪು ಮೈ ಮೇಲೆ ಗೆರೆಗಳೇ ಇಲ್ಲದೆ ಸೆನ್ಸರಿಗೆ ಹೋಲಿಸೋಕೂ ಏನೂ ಸಿಗಲ್ಲ. ಆಗ ಪಾಯಿಂಟನ್ನು ಓಟಗಾರನ ತಲೆಗೆ ಕಟ್ಟಿದ ಬಟ್ಟೆಯ ಅಂಚಿಗೋ, ಕೋಣದ ಹಣೆಯ ಅಲಂಕಾರಕ್ಕೋ ಇಡಿ. ಫ್ಲ್ಯಾಶ್ ಬೇಡ, ಎದುರಿಗೆ ಓಡಿ ಬರೋರ ಕಣ್ಣಿಗೆ ಹೊಡೆಯುತ್ತೆ.

ಅಭ್ಯಾಸಕ್ಕೆ ಕಂಬಳದವರೆಗೂ ಕಾಯಬೇಕಿಲ್ಲ. ಸಂಜೆ ಕಾಲೇಜ್ ಗೇಟಿನ ಹತ್ತಿರ ಫುಟ್‌ಪಾತ್ ಮೇಲೆ ನಿಂತು ಒಳಗೆ ಬರುವ ಬೈಕುಗಳ ನಂಬರ್ ಪ್ಲೇಟ್ ಹಿಡಿಯಿರಿ. ಗಂಟೆಗೆ 38 ಕಿಲೋಮೀಟರ್ ಅಂದರೆ ಹೆಚ್ಚು ಕಡಿಮೆ ಕೋಣದ ವೇಗವೇ. ಹತ್ತರಲ್ಲಿ ಆರು ಪ್ಲೇಟ್ ಓದೋಕೆ ಬಂದರೆ ನೀವು ಕರೆಯ ಹತ್ತಿರ ನಿಲ್ಲಬಹುದು.